ಇನ್ನೆರಡು ಪ್ರಯತ್ನ ಬಾಕಿ

ಯಂತ್ರ 'ಪಾಸ್‌ವರ್ಡ್ ತಪ್ಪಾಗಿದೆ' ಎಂದರೆ ನಾನು ಮೊದಲು ಅನುಮಾನಿಸುವುದು ಮನುಷ್ಯರನ್ನು. ಇಪ್ಪತ್ತಾರು ವರ್ಷ ಯಂತ್ರಗಳ ತೊಡಕು ಬಿಡಿಸುವ ಕೆಲಸ ಮಾಡಿದ ಮೇಲೆ ಅದೊಂದು ಚಟವಾಗಿದೆ. ಜನ ದೊಡ್ಡಕ್ಷರ ಮರೆಯುತ್ತಾರೆ, ಮೊಮ್ಮಗಳು ಹುಟ್ಟಿದ ಖುಷಿಗೆ ಪಾಸ್‌ವರ್ಡ್ ಬದಲಿಸಿ ಅದೇ ಖುಷಿಯಲ್ಲಿ ಮರೆತುಬಿಡುತ್ತಾರೆ, ಆಮೇಲೆ ನನ್ನ ಮುಂದೆ ಕುಳಿತು ತಾವೇನೂ ಮಾಡಿಲ್ಲ ಎಂದು ಆಣೆ ಹಾಕುತ್ತಾರೆ. ಹಾಗಾಗಿ ಆ ದಿನ ಬೆಳಿಗ್ಗೆ ಹನ್ನೊಂದೂ ಕಾಲಿಗೆ ಆಸ್ಪತ್ರೆಯ ಪರದೆಯ ಮೇಲೆ ಆ ಸಾಲು ಮೂಡಿದಾಗ ನಾನು ಪಕ್ಕದ ಕುರ್ಚಿಯಲ್ಲಿದ್ದ ಸಂಗವ್ವನ ಕಡೆ ತಿರುಗಿದೆ. ಸರಿಯಾಗಿ ನೆನಪು ಮಾಡಿಕೊಳ್ಳಿ ಎಂದೆ.

"ನೆನಪು ಮಾಡೂದೇನೈತ್ರಿ? ಹನ್ನೊಂದು ವರ್ಷದಿಂದ ಅದನ್ನ ಒತ್ತಾಕತ್ತೀನಿ. ತಲಿಗಿಂತ ಕೈಗೇ ಚಲೋ ಗೊತ್ತೈತಿ," ಎಂದಳು ಆಕೆ.

ಪರದೆಯ ಕೆಳಗೆ ಸಣ್ಣಕ್ಷರದಲ್ಲಿ ಇನ್ನು ನಾಲ್ಕು ಪ್ರಯತ್ನ ಬಾಕಿ ಎಂದು ಬರೆದಿತ್ತು.

ಈಗ ಗದಗಿನ ಯಾವ ಓಣಿಗೆ ಹೋದರೂ ಮೈಯೊಳಗೆ ಯಂತ್ರ ಇಟ್ಟುಕೊಂಡವರು ನಾಲ್ಕು ಜನ ಸಿಗುತ್ತಾರೆ. ಒಬ್ಬರಿಗೆ ಕಿವಿಯಲ್ಲಿ, ಒಬ್ಬರಿಗೆ ಎದೆಯಲ್ಲಿ. ಸಂಗವ್ವನ ಮಗಳು ದಾನೇಶ್ವರಿಗೆ ತಲೆಯಲ್ಲಿ. ರೂಪಾಯಿ ನಾಣ್ಯದಷ್ಟು ಅಗಲದ ಅದನ್ನು ಜನ ಬಿಲ್ಲೆ ಎನ್ನುತ್ತಾರೆ. ಮೂರ್ಛೆ ಬರುವ ಮೊದಲು ಮಿದುಳಿನಲ್ಲಿ ಎದ್ದೇಳುವ ಅಲೆಯನ್ನು ಅದು ಗುರುತು ಹಿಡಿದು, ಒಂದು ಸಣ್ಣ ವಿದ್ಯುತ್ತಿನ ತಟ್ಟು ಕೊಟ್ಟು ಅಲ್ಲೇ ಅಡಗಿಸುತ್ತದೆ. ತೊಡಕೆಂದರೆ ಒಬ್ಬರ ಅಲೆ ಇನ್ನೊಬ್ಬರಂತಿರುವುದಿಲ್ಲ. ಬಿಲ್ಲೆ ಆ ಒಂದು ತಲೆಯನ್ನೇ ಕಲಿಯಬೇಕು, ಕಲಿಯಲು ಮೂರ್ಛೆಗಳು ಬರಬೇಕು. ದಾನೇಶ್ವರಿಯ ಬಿಲ್ಲೆಗೆ ಎರಡು ವರ್ಷ ಹಿಡಿದಿತ್ತು. ಕಲಿತದ್ದೆಲ್ಲ ದಿನಾ ಮನೆಯ ಪೆಟ್ಟಿಗೆಯೊಂದಕ್ಕೆ ನಕಲಾಗಿ, ಹನ್ನೊಂದು ವರ್ಷದಲ್ಲಿ ದೊಡ್ಡದೊಂದು ಫೈಲಾಗಿ ಬೆಳೆದಿತ್ತು.

ಆ ಬಿಲ್ಲೆಯ ಬ್ಯಾಟರಿ ಮುಗಿಯಲು ಬಂದದ್ದರಿಂದ ಬೆಳಿಗ್ಗೆ ಡಾಕ್ಟರ್ ಶಕೀಲಾ ನದಾಫ್ ಹೊಸದನ್ನು ಕೂಡಿಸಿದ್ದರು. ಹಳೆಯದು ಕೇದಿಗೆ ಎಂಬ ವ್ಯವಸ್ಥೆಯದು. ಅದರ ಕಂಪನಿ ಬಾಗಿಲು ಹಾಕಿ ಐದು ವರ್ಷವಾಗಿದೆ. ಹೊಸ ಬಿಲ್ಲೆ, ಆಸ್ಪತ್ರೆಯ ಯಂತ್ರ ಎರಡೂ ಮೇರು ಎಂಬ ಇನ್ನೊಂದು ವ್ಯವಸ್ಥೆಯವು. ಮನೆಯ ಪೆಟ್ಟಿಗೆಯಲ್ಲಿರುವ ಫೈಲನ್ನು ಆಸ್ಪತ್ರೆಯ ಯಂತ್ರ ತರಿಸಿಕೊಂಡು ಹೊಸ ಬಿಲ್ಲೆಗೆ ಕೊಡಬೇಕು. ಪೆನ್‌ಡ್ರೈವಿನಲ್ಲಿ ಎತ್ತಿಕೊಂಡು ಬರುವಂತಿಲ್ಲ. ಬೀಗಮುದ್ರೆ ಬಿದ್ದ ಫೈಲು, ಪಾಸ್‌ವರ್ಡ್ ಒಪ್ಪಿದ ಯಂತ್ರದ ಮುಂದೆ ಮಾತ್ರ ಬಿಚ್ಚಿಕೊಳ್ಳುತ್ತದೆ. ಹೊಸ ಬಿಲ್ಲೆ ಎಚ್ಚರವಾದದ್ದು ಹನ್ನೊಂದಕ್ಕೆ. ಕಳ್ಳರು ತಲೆಯೊಳಗೆ ಕೈಹಾಕದಿರಲೆಂದು ಅದು ಒಂದೂವರೆ ಗಂಟೆ ಮಾತ್ರ ಬಾಗಿಲು ತೆರೆದಿರುತ್ತದೆ. ಹನ್ನೆರಡೂವರೆಗೆ ಮುಚ್ಚಿತೆಂದರೆ ಮುಚ್ಚಿತು. ಆಮೇಲೆ ತಾನೇ ಮೊದಲಿನಿಂದ ಕಲಿಯಲು ಕೂರುತ್ತದೆ.

ಅಂದರೆ ಮತ್ತೆ ಎರಡು ವರ್ಷ ಮೂರ್ಛೆ.

ನಾನು ಎರಡನೇ ಪ್ರಯತ್ನದಲ್ಲಿ ಎಲ್ಲ ಅಕ್ಷರಗಳನ್ನೂ ದೊಡ್ಡದು ಮಾಡಿದೆ. ಹಳೆಯ ವ್ಯವಸ್ಥೆಗಳಿಗೆ ಚಿಕ್ಕಕ್ಷರ ದೊಡ್ಡಕ್ಷರ ಒಂದೇ ಆಗಿದ್ದ ಕಾಲವಿತ್ತು. ತಪ್ಪಾಗಿದೆ ಎಂದಿತು. ಮೂರನೆಯದಕ್ಕೆ ಪಾಸ್‌ವರ್ಡ್ ಮುಟ್ಟದೆ ಬಳಕೆದಾರರ ಹೆಸರು ತಿದ್ದಿದೆ. ಎಷ್ಟೋ ಸಲ ಯಂತ್ರ ಕೇಳಿದವರ ಹೆಸರಿನ ಬದಲು ತನ್ನದೇ ಹೆಸರು ಕಳಿಸುತ್ತದೆ, ಒದೆ ತಿನ್ನುವುದು ಮಾತ್ರ ಪಾಪದ ಪಾಸ್‌ವರ್ಡ್. ಅದೂ ತಪ್ಪು. ಇನ್ನೆರಡು ಪ್ರಯತ್ನ ಬಾಕಿ ಎಂದು ಕೆಂಪಕ್ಷರದಲ್ಲಿ ಬಂತು. ಐದೂ ಮುಗಿದರೆ ಪೆಟ್ಟಿಗೆ ಮೂರು ದಿನ ಯಾರ ಮಾತೂ ಕೇಳುವುದಿಲ್ಲ.

ಆಗ ನಾನು ಆಡಬಾರದ ಮಾತಾಡಿದೆ. ಮಗಳ ಜೀವದ ವಿಷಯ, ಒಂದು ಚೀಟಿಯಲ್ಲಾದರೂ ಬರೆದಿಟ್ಟುಕೊಳ್ಳಬಾರದಿತ್ತೇ, ಈಗ ತಪ್ಪುತಪ್ಪು ಹೇಳಿದರೆ ನಾನೇನು ಮಾಡಲಿ ಎಂದೆ. ಸಂಗವ್ವ ಸಿಟ್ಟಾಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಅದು ಸರಿ ಐತ್ರಿ ಎಂದಳು, ಮತ್ತೆ ಅದನ್ನೇ ಅಂದಳು. ಪಾಸ್‌ವರ್ಡ್ ಏನೆಂದು ಇಲ್ಲಿ ಬರೆಯುವುದಿಲ್ಲ, ನನ್ನ ವೃತ್ತಿಗೆ ಅದು ಒಗ್ಗದು. ಆದರೆ ಮರೆಯುವಂಥದ್ದಾಗಿರಲಿಲ್ಲ ಎಂದಷ್ಟೇ ಹೇಳಬಲ್ಲೆ.

ಮೇಲಿನ ಮಹಡಿಯಿಂದ ನದಾಫ್ ಮೇಡಂ ಫೋನು ಮಾಡಿದರು. ಎಲ್ಲಿಗೆ ಬಂತು ಎಂದರು. ನಾನು ಹೊಸ ಕಂಪನಿಯ ಸಹಾಯವಾಣಿಗೆ ಕಾಯುತ್ತಿದ್ದೇನೆ ಎಂದೆ. ಇನ್ನೊಂದು ಕಿವಿಯಲ್ಲಿ ಕೊಳಲಿನ ಸಂಗೀತ ಕೇಳಿಸುತ್ತಿತ್ತು, ತಮ್ಮ ಕರೆ ನಮಗೆ ಅಮೂಲ್ಯ ಎನ್ನುತ್ತಿತ್ತು. ಹದಿನೈದು ನಿಮಿಷದಿಂದ ಅಮೂಲ್ಯವಾಗಿಯೇ ಇತ್ತು.

ಆ ಕಾಯುವ ಹೊತ್ತಿನಲ್ಲಿ ಸಂಗವ್ವ ತಾನಾಗಿಯೇ ಹೇಳಿದಳು. ಬೆಟಗೇರಿಯ ನೇಕಾರರ ಓಣಿಯ ತುದಿಗೆ ಆಕೆಯದೊಂದು ಖಾನಾವಳಿ. ದಾನೇಶ್ವರಿಗೆ ಹದಿನಾಲ್ಕು ವರ್ಷವಿದ್ದಾಗ ರೊಟ್ಟಿ ಬೇಯಿಸುತ್ತಿದ್ದವಳಿಗೆ ಮೂರ್ಛೆ ಬಂದು, ಬಲಗೈ ಕಾದ ಹಂಚಿನ ಮೇಲೆ ಬಿದ್ದಿತು. ಮೂರ್ಛೆ ಹೋದವರು ಕೈ ಎಳೆದುಕೊಳ್ಳುವುದಿಲ್ಲ. ಸಂಗವ್ವ ಹಿತ್ತಿಲಿನಿಂದ ಬರುವಷ್ಟರಲ್ಲಿ ಅಂಗೈ ಸುಟ್ಟುಹೋಗಿತ್ತು. ಆಮೇಲೆ ಬಿಲ್ಲೆ ಬಂತು, ಎರಡು ವರ್ಷದ ಮೇಲೆ ಮೂರ್ಛೆ ನಿಂತಿತು. ಈಗ ಇಪ್ಪತ್ತೈದರ ಹುಡುಗಿ ಅದೇ ಹಂಚಿನ ಮುಂದೆ ಗಂಟೆಗೆ ನಲವತ್ತು ರೊಟ್ಟಿ ತೆಗೆಯುತ್ತಾಳೆ, ಸ್ಕೂಟರ್ ಮೇಲೆ ಮುಳಗುಂದ ನಾಕಾದವರೆಗೂ ಡಬ್ಬಿ ಕೊಟ್ಟು ಬರುತ್ತಾಳೆ.

"ಮೂರ್ಛೆ ಬರೂ ಮುಂಚೆ ಅಕಿ ಎಡಗೈ ಹೆಬ್ಬೆರಳು ಒಳಗ ಮಡಚತಿತ್ರಿ," ಎಂದು ಸಂಗವ್ವ ತನ್ನ ಹೆಬ್ಬೆರಳು ಅಂಗೈಯೊಳಗೆ ಮಡಚಿ ತೋರಿಸಿದಳು. "ನಾ ಎರಡು ವರ್ಷ ಅಕಿ ಮಾರಿ ನೋಡಲಿಲ್ಲ. ಆ ಬೆರಳೊಂದ ನೋಡಿಕೋತ ಕುಂತೆ."

ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಕೊಳಲಿನ ಕಂಪನಿಯನ್ನು ನಂಬಿ ಕುಳಿತರೆ ಆಗುವ ಹಾಗಿಲ್ಲ, ಪೆಟ್ಟಿಗೆಯನ್ನೇ ಕಣ್ಣಾರೆ ನೋಡೋಣ ಎನ್ನಿಸಿತು. ಆ ಕರೆಯನ್ನು ಮೇಡಂ ಕೋಣೆಗೆ ದಾಟಿಸಿ, ಆಸ್ಪತ್ರೆಯ ಯಂತ್ರಕ್ಕೆ ಜೋಡಿಸಿದ್ದ ಟ್ಯಾಬನ್ನು ಚೀಲಕ್ಕೆ ಹಾಕಿಕೊಂಡು ಸಂಗವ್ವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡೆ. ಆಗ ಹನ್ನೆರಡಕ್ಕೆ ಎರಡು ನಿಮಿಷ. ಎಂಟು ನಿಮಿಷದ ದಾರಿ. ಅಂದು ಎತ್ತಿನ ಗಾಡಿಯಷ್ಟು ನಿಧಾನದ ಟ್ಯಾಂಕರೊಂದು ಮುಂದೆ ಸಿಕ್ಕಿ ಹನ್ನೆರಡು ನಿಮಿಷವಾಯಿತು. ಸಂಗವ್ವ ದಾರಿಯುದ್ದಕ್ಕೂ ನನ್ನ ಭುಜ ಹಿಡಿದಿದ್ದಳು.

ಖಾನಾವಳಿಯಲ್ಲಿ ಮಧ್ಯಾಹ್ನದ ಊಟದ ಗಡಿಬಿಡಿ ಆಗಲೇ ಹತ್ತಿಕೊಂಡಿತ್ತು. ರೊಟ್ಟಿ ಬಡಿಯುವ ಮೂವರು ಹೆಂಗಸರು ನಮ್ಮನ್ನು ನೋಡಿ ಕೈ ನಿಲ್ಲಿಸಿದರು. ನಾನು ಒಳಗೆ ಕಾಲಿಟ್ಟವನೇ ಎದುರು ಗೋಡೆಯ ಗಡಿಯಾರ ನೋಡಿ ಬೆಚ್ಚಿದೆ. ಹನ್ನೆರಡೂ ಇಪ್ಪತ್ತಾಗಿತ್ತು. ಹತ್ತೇ ನಿಮಿಷ ಉಳಿದಿದೆ, ದಾರಿಯಲ್ಲಿ ಅಷ್ಟು ಹೊತ್ತು ಎಲ್ಲಿ ಹೋಯಿತು ಎಂದು ಜೋರಾಗಿಯೇ ಅಂದಿರಬೇಕು.

"ಹೆದರಬ್ಯಾಡ್ರಿ ಸರ್, ಅದು ಹತ್ತು ನಿಮಿಷ ಮುಂದ ಐತಿ," ಎಂದಳು ಅವರಲ್ಲಿ ಹಂಚಿನ ಮುಂದಿದ್ದವಳು.

ನನ್ನ ಕೈಗಡಿಯಾರ ನೋಡಿಕೊಂಡೆ. ಹನ್ನೆರಡೂ ಹತ್ತು. ಇದೇನೂ ಹೊಸದಲ್ಲ. ನನ್ನ ತಂದೆಯೂ ಮನೆಯ ಗಡಿಯಾರವನ್ನು ಕಾಲು ಗಂಟೆ ಮುಂದಿಟ್ಟಿದ್ದರು. ಮನೆಯವರೆಲ್ಲ ಅದನ್ನು ನೋಡಿ, ಅದರಲ್ಲಿ ಕಾಲು ಗಂಟೆ ಕಳೆದು, ನಿಧಾನವಾಗಿಯೇ ಹೊರಡುತ್ತಿದ್ದೆವು. ಯಾರಿಗೆ ಮೋಸ ಮಾಡಲು ಇಡುತ್ತೇವೋ, ಅವರಿಗೆಲ್ಲ ಅದು ಗೊತ್ತಿರುತ್ತದೆ.

ಗಡಿಯಾರದ ಕೆಳಗಿನ ಕಟ್ಟೆಯ ಮೇಲೆ ಪೆಟ್ಟಿಗೆ ಇತ್ತು. ಮೈಮೇಲೆಲ್ಲ ಜೋಳದ ಹಿಟ್ಟು ಕೂತಿತ್ತು. ಅಂಗೈಯಿಂದ ಒರೆಸಿದೆ. ಮುಂಭಾಗದ ಸಣ್ಣ ಕಿಟಕಿಯಲ್ಲಿ ಹಸಿರು ಅಂಕಿಗಳು ಕಂಡವು. ಹನ್ನೆರಡೂ ಇಪ್ಪತ್ತೊಂದು.

ನಾನು ಗೋಡೆ ನೋಡಿದೆ, ಪೆಟ್ಟಿಗೆ ನೋಡಿದೆ, ಕೈಗಡಿಯಾರ ನೋಡಿದೆ. ಪೆಟ್ಟಿಗೆಯೂ ಹತ್ತು ನಿಮಿಷ ಮುಂದಿತ್ತು.

ಮೇರು ವ್ಯವಸ್ಥೆ ಪಾಸ್‌ವರ್ಡನ್ನು ಹಾಗೆಯೇ ಕಳಿಸುವುದಿಲ್ಲ. ದಾರಿಯಲ್ಲಿ ಕದ್ದವರು ನಾಳೆ ಅದನ್ನೇ ಬಳಸಬಾರದಲ್ಲ. ಅದಕ್ಕೆ ಪಾಸ್‌ವರ್ಡಿನ ಜೊತೆ ಆ ಹೊತ್ತಿನ ಗಂಟೆ ನಿಮಿಷವನ್ನೂ ಕಲಸಿ ಒಂದು ಉಂಡೆ ಮಾಡಿ ಕಳಿಸುತ್ತದೆ. ಆ ಕಡೆಯ ಪೆಟ್ಟಿಗೆ ತನ್ನ ಪಾಸ್‌ವರ್ಡನ್ನೂ ತನ್ನ ಗಡಿಯಾರವನ್ನೂ ಕಲಸಿ ನೋಡುತ್ತದೆ. ಎರಡು ಗಡಿಯಾರಗಳ ನಡುವೆ ಐದು ನಿಮಿಷದೊಳಗಿನ ಹೆಚ್ಚುಕಡಿಮೆ ಇದ್ದರೆ ಸರಿ. ಅದಕ್ಕಿಂತ ಹೆಚ್ಚಾದರೆ ಹಳೆಯ ಉಂಡೆ, ಕಳ್ಳನ ಉಂಡೆ ಎಂದು ತಳ್ಳಿಬಿಡುತ್ತದೆ. ಕಳ್ಳನಿಗೆ ಕಾರಣ ತಿಳಿಯಬಾರದೆಂದು ಪರದೆಯ ಮೇಲೆ ಬರೆಯುವುದು ಮಾತ್ರ ಪಾಸ್‌ವರ್ಡ್ ತಪ್ಪಾಗಿದೆ ಎಂದೇ. ಹಳೆಯ ಬಿಲ್ಲೆ, ಹಳೆಯ ಪೆಟ್ಟಿಗೆ ಒಂದೇ ಮನೆಯವಾಗಿದ್ದರಿಂದ ಹನ್ನೊಂದು ವರ್ಷ ಯಾರೂ ಯಾರ ಗಡಿಯಾರವನ್ನೂ ಕೇಳಿರಲಿಲ್ಲ.

ಪೆಟ್ಟಿಗೆಗಳು ಜಾಲದಿಂದ ತಾವೇ ಸರಿಯಾದ ಸಮಯ ತೆಗೆದುಕೊಳ್ಳುತ್ತವೆ. ಇದೊಂದು ಯಾಕೆ ತೆಗೆದುಕೊಂಡಿಲ್ಲ ಎಂದು ಸಂಗವ್ವನನ್ನು ಕೇಳಿದೆ.

"ನಾನ ಬ್ಯಾಡ ಅಂದಿದ್ದೆ," ಎಂದಳು. ಪೆಟ್ಟಿಗೆ ಎಂಟಕ್ಕೆ ಸರಿಯಾಗಿ ಗುಳಿಗೆಯ ಹೊತ್ತಾಯಿತು ಎಂದು ಕೂಗುತ್ತಿತ್ತಂತೆ, ಗೋಡೆಯ ಮೇಲೆ ಎಂಟೂ ಹತ್ತಾಗಿರುತ್ತಿತ್ತಂತೆ. ರೊಟ್ಟಿಯವರು ಯಾವುದನ್ನು ನಂಬಬೇಕೆಂದು ತಿಳಿಯದೆ ಜಗಳಾಡುತ್ತಿದ್ದರು. ಮನೆಗೆ ಒಂದೇ ಹೊತ್ತಿರಲಿ ಎಂದು ಆಕೆ ಪೆಟ್ಟಿಗೆಯನ್ನು ಮುಂದಿಟ್ಟರೆ ಅದು ಮಾರನೇ ದಿನ ಹಿಂದೆ ಹೋಗಿರುತ್ತಿತ್ತು. ಕೊನೆಗೆ ಸಹಾಯವಾಣಿಗೆ ಫೋನು ಮಾಡಿದಳು. ಯಾರೋ ಪುಣ್ಯಾತ್ಮರು ಜಾಲದ ಸಮಯ ತೆಗೆದುಕೊಳ್ಳುವುದನ್ನು ಬಂದ್ ಮಾಡಿಕೊಟ್ಟರು.

ಅಷ್ಟರಲ್ಲಿ ನಾನು ಪೆಟ್ಟಿಗೆಯ ಸೆಟ್ಟಿಂಗುಗಳನ್ನು ಟ್ಯಾಬಿನಲ್ಲಿ ತೆರೆದಿದ್ದೆ. ಓದಲು ಪಾಸ್‌ವರ್ಡ್ ಬೇಕಿಲ್ಲ, ಮುಟ್ಟಲು ಬೇಕು. ಆದರೆ ಟ್ಯಾಬಿನಿಂದ ಒತ್ತಿದ ಪಾಸ್‌ವರ್ಡಿಗೂ ಮೇರುವಿನ ಗಡಿಯಾರವೇ ಅಂಟಿಕೊಳ್ಳುತ್ತದೆ. ಒಂದು ಸಾಲು ಹೀಗಿತ್ತು: ಜಾಲದಿಂದ ಸಮಯ, ಬಂದ್. ಬದಲಿಸಿದವರು, ಜಿ. ಪತ್ತಾರ.

ಗಜಾನನ ಪತ್ತಾರ. ನಾನೇ. ಒಂಬತ್ತು ವರ್ಷದ ಹಿಂದೆ ಕೇದಿಗೆ ಕಂಪನಿಯ ಸಹಾಯವಾಣಿಯಲ್ಲಿ ದಿನಕ್ಕೆ ಎಪ್ಪತ್ತು ಕರೆ ತೆಗೆದುಕೊಳ್ಳುತ್ತಿದ್ದೆ. ಹಿಂದಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿದ್ದ ಕರೆಯೊಂದು ಮಸುಕಾಗಿ ನೆನಪಾಯಿತು. ಆಯ್ತವ್ವಾ ಎಂದು ಎರಡು ನಿಮಿಷದಲ್ಲಿ ಮುಗಿಸಿದ್ದೆ. ಈಗ ನಾಚಿಕೆಪಡಲೂ ಹೊತ್ತಿರಲಿಲ್ಲ.

ಪೆಟ್ಟಿಗೆಯ ಹಿಂದಿನ ಗುಂಡಿಯಿಂದ ಅದರ ಗಡಿಯಾರ ತಿದ್ದಬಹುದಿತ್ತು. ಆದರೆ ತಿದ್ದಿದರೆ ಅದನ್ನು ಪೂರ್ತಿ ಮುಚ್ಚಿ ತೆರೆಯಬೇಕು, ಹನ್ನೊಂದು ವರ್ಷದ ದಾಖಲೆಗಳನ್ನು ಒಂದೊಂದಾಗಿ ಎಣಿಸಿಕೊಂಡೇ ಅದು ಮೇಲೇಳುವುದು. ಅರ್ಧ ಗಂಟೆ ಬೇಕು. ಇನ್ನು ಉಳಿದದ್ದು ಆಸ್ಪತ್ರೆಯ ಗಡಿಯಾರ. ಅದನ್ನು ಹಿಂದೆ ಎಳೆಯಲು ಮೇರು ಬಿಡುವುದಿಲ್ಲ, ಮುಂದೆ ತಳ್ಳಲು ಬಿಡುತ್ತದೆ. ಹೊಸ ಬಿಲ್ಲೆಗೆ ತನ್ನದೇ ಗಡಿಯಾರವಿಲ್ಲ. ಆಸ್ಪತ್ರೆಯ ಯಂತ್ರ ಹೇಳಿದ್ದೇ ಅದಕ್ಕೆ ಹೊತ್ತು. ನಾವು ಎಷ್ಟು ನಿಮಿಷ ತಳ್ಳುತ್ತೇವೋ ಬಾಗಿಲು ಅಷ್ಟು ನಿಮಿಷ ಬೇಗ ಮುಚ್ಚುತ್ತದೆ.

ಫೋನಿನಲ್ಲಿ ನದಾಫ್ ಮೇಡಂಗೆ ಹೇಳಿದೆ. ಆರು ನಿಮಿಷ ತಳ್ಳಿದರೆ ವ್ಯತ್ಯಾಸ ನಾಲ್ಕಕ್ಕೆ ಇಳಿಯುತ್ತದೆ, ಅಷ್ಟು ಸಾಕು. ಈಗ ಹನ್ನೆರಡೂ ಹದಿನಾರು. ತಳ್ಳಿದರೆ ಉಳಿಯುವುದು ಎಂಟು ನಿಮಿಷ. ಫೈಲು ಬರಲು ಏಳು ನಿಮಿಷ ಬೇಕು.

"ಗಡಿಯಾರನ ಕಾರಣ ಅಂತ ಖಾತ್ರಿ ಐತೇನ್ರಿ ಪತ್ತಾರ?" ಎಂದರು ಅವರು.

ಪಾಸ್‌ವರ್ಡ್ ಸರಿ ಇದ್ದರೆ ಖಾತ್ರಿ ಎಂದೆ. ಪಾಸ್‌ವರ್ಡೇ ತಪ್ಪಾಗಿದ್ದರೆ ಆರು ನಿಮಿಷವೂ ಹೋಯಿತು, ಒಂದು ಪ್ರಯತ್ನವೂ ಹೋಯಿತು. ಅತ್ತ ಹೊಸ ಕಂಪನಿಯವರು ಕೊನೆಗೂ ಮಾತಾಡಿ, ಬಾಗಿಲಿನ ಅವಧಿ ಹೆಚ್ಚಿಸಬಹುದೇ ಎಂದು ಮೇಲಿನವರನ್ನು ಕೇಳಿ ಹತ್ತು ನಿಮಿಷದಲ್ಲಿ ತಿಳಿಸುತ್ತೇವೆ ಎಂದಿದ್ದರಂತೆ. ಅದಕ್ಕೆ ಕಾಯುವುದೋ ಇದನ್ನು ಮಾಡುವುದೋ, ತಾಯಿ ಹೇಳಲಿ ಎಂದರು.

ಫೋನಿನ ಮಾತೆಲ್ಲ ಸಂಗವ್ವನಿಗೆ ಕೇಳಿಸಿತ್ತು. ಆಕೆ ನನ್ನನ್ನು ನೋಡಿದಳು. ಬೆಳಿಗ್ಗೆಯಿಂದ ಮೂರು ಸಲ ತಪ್ಪೆನಿಸಿಕೊಂಡ ಹೆಂಗಸು, ನನ್ನ ಬಾಯಲ್ಲೂ ಒಮ್ಮೆ. ಈಗ ತನ್ನ ನೆನಪಿನ ಮೇಲೆ ತಾನೇ ಮಗಳ ಎರಡು ವರ್ಷವನ್ನು ಪಣಕ್ಕೊಡ್ಡಬೇಕಿತ್ತು.

"ತಳ್ಳಿಸ್ರಿ. ನಾ ತಪ್ಪು ಹೇಳಿಲ್ಲ," ಎಂದಳು.

ಗಡಿಯಾರ ಬದಲಿಸಲು ಡಾಕ್ಟರ ಬೆರಳಚ್ಚೇ ಬೇಕು. ಮೇಡಂ ಒತ್ತಿದರು. ನನ್ನ ಟ್ಯಾಬಿನ ಮೂಲೆಯಲ್ಲಿ ಹನ್ನೆರಡೂ ಹದಿನಾರು ಇದ್ದದ್ದು ಕಣ್ಣೆದುರೇ ಹನ್ನೆರಡೂ ಇಪ್ಪತ್ತೆರಡಾಯಿತು. ಅಷ್ಟು ದೊಡ್ಡ ಆಸ್ಪತ್ರೆ ಬೆಟಗೇರಿಯ ಖಾನಾವಳಿಯ ಹೊತ್ತಿಗೆ ನಡೆಯಲು ಹೊರಟಿತ್ತು. ಟ್ಯಾಬನ್ನು ಸಂಗವ್ವನ ಕೈಗೆ ಕೊಟ್ಟೆ. ಆಕೆ ಬೆರಳುಗಳನ್ನು ಸೀರೆಗೆ ಒರೆಸಿಕೊಂಡು, ಪರದೆಯ ಕಡೆ ಪೂರ್ತಿ ನೋಡದೆಯೇ ಒತ್ತಿದಳು. ಕೊನೆಯ ಗುಂಡಿ ಒತ್ತುವ ಮೊದಲು ಮಾತ್ರ ನಿಂತಳು. ನಾನೂ ಹೆದರಿದ್ದೆ, ಸುಳ್ಳೇಕೆ ಹೇಳಲಿ. ಒತ್ತಿದಳು.

ಪರದೆ ಒಂದು ಕ್ಷಣ ಬೆಳ್ಳಗಾಯಿತು. ಆಮೇಲೆ 'ಮೊದಲನೇ ವರ್ಷ' ಎಂದು ಬಂತು, ಅದರ ಮುಂದೆ ಹಸಿರು ಗೆರೆಯೊಂದು ಓಡತೊಡಗಿತು.

ರೊಟ್ಟಿಯವರೂ ಬಂದು ಹಿಂದೆ ನಿಂತರು. ಊಟಕ್ಕೆ ಬಂದವರು ಕೂಗಿ ಸುಮ್ಮನಾದರು. ಎರಡನೇ ವರ್ಷ ತಡವಾಯಿತು, ಅದರಲ್ಲಿ ಮೂರ್ಛೆಗಳು ಹೆಚ್ಚು. ಸಂಗವ್ವ ಆ ಗೆರೆಯನ್ನು ನೋಡುತ್ತಾ ಅದು ಜಾತ್ರೆಗೆ ಹೋದಾಗ, ಅದು ಶಾಲೆ ಬಿಡಿಸಿದ ವರ್ಷ, ಇದು ಸ್ಕೂಟರ್ ಕಲಿತದ್ದು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಏಳನೇ ವರ್ಷದ ಹೊತ್ತಿಗೆ ನಾಲ್ಕು ನಿಮಿಷವೂ ಉಳಿದಿರಲಿಲ್ಲ. ಒಂಬತ್ತರಲ್ಲಿ ಗೆರೆ ನಿಂತೇಬಿಟ್ಟಿತು. ನಾನು ಟ್ಯಾಬನ್ನು ಕಿಟಕಿಯ ಕಡೆ ಎತ್ತಿ ಹಿಡಿದೆ, ಅದರಿಂದ ಏನಾದರೂ ಆಗುತ್ತದೆಂದಲ್ಲ, ಕೈ ಸುಮ್ಮನಿರಲಿಲ್ಲ ಅಷ್ಟೆ. ಗೆರೆ ಮತ್ತೆ ಚಲಿಸಿತು.

ಹನ್ನೊಂದನೇ ವರ್ಷ ಮುಗಿದಾಗ ಆಸ್ಪತ್ರೆಯ ಗಡಿಯಾರದಲ್ಲಿ ಹನ್ನೆರಡೂ ಇಪ್ಪತ್ತೊಂಬತ್ತಾಗಿ ಮೇಲೆ ನಲವತ್ತು ಸೆಕೆಂಡಾಗಿತ್ತು. ಬಂತು ಎಂದರು ಫೋನಿನಲ್ಲಿ ಮೇಡಂ. ಬಿಲ್ಲೆ ಅದನ್ನು ಓದಿ ಅರ್ಥಮಾಡಿಕೊಳ್ಳುತ್ತದೋ ಇಲ್ಲವೋ ನಾಲ್ಕು ಗಂಟೆಗೆ ತಿಳಿಯುತ್ತದೆ ಎಂದೂ ಸೇರಿಸಿದರು. ಸಂತೋಷಕ್ಕೆ ಅಷ್ಟರಲ್ಲೇ ಲಗಾಮು ಬಿತ್ತು.

ನಾಲ್ಕಕ್ಕೆ ಮೊದಲು, ಆಸ್ಪತ್ರೆಯ ಮೇಲಿನ ಮಹಡಿಯ ಬೆಂಚಿನ ಮೇಲೆ ಕುಳಿತಾಗ ನಾನು ಸಂಗವ್ವನಿಗೆ ಹೇಳಿಬಿಟ್ಟೆ. ಆ ಸಮಯದ ಸೌಲಭ್ಯ ಬಂದ್ ಮಾಡಿದ್ದು ನಾನೇ, ಬೆಳಿಗ್ಗೆ ನಿಮ್ಮ ಮೇಲೆ ಹರಿಹಾಯ್ದದ್ದೂ ತಪ್ಪು ಎಂದೆ.

"ನೀವು ಅಂತ ಗೊತ್ತಿತ್ರಿ. ಬೆಳಿಗ್ಗೆನ ದನಿ ಗುರ್ತಾಗಿತ್ತು," ಎಂದಳು. ಮತ್ತೆ ಹೇಳಿದಳು: "ಆವತ್ತು ಒಂದ ಸಲ ಹೇಳಿದ್ದಕ್ಕ ನನ್ನ ಮಾತು ಕೇಳಿದ್ರಿ. ಇವತ್ತು ಮೂರು ಸಲ ಹೇಳಿದ್ರೂ ಕೇಳಲಿಲ್ಲ."

ನಾನು ತಲೆ ತಗ್ಗಿಸಿದೆ.

ನಾಲ್ಕಕ್ಕೆ ಒಳಗೆ ಕರೆದರು. ದಾನೇಶ್ವರಿ ತಲೆಗೆ ಪಟ್ಟಿ ಕಟ್ಟಿಕೊಂಡು ದಿಂಬಿಗೆ ಒರಗಿದ್ದಳು. ಬಲ ಅಂಗೈಯ ಹಳೆಯ ಸುಟ್ಟ ಗುರುತು ಬೆಳಕಿಗೆ ಹೊಳೆಯುತ್ತಿತ್ತು. ಖಾನಾವಳಿಯಲ್ಲಿ ಇಂದು ಪಲ್ಯ ಯಾರು ಮಾಡಿದರು ಎಂದು ತಾಯಿಯನ್ನು ಕೇಳಿದಳು. ಮೇಡಂ ಆಕೆಯ ಮುಂದೆ ಮಿಣುಕುವ ದೀಪವೊಂದನ್ನು ಇಟ್ಟರು. ಆ ಮಿಣುಕು ಮೂರ್ಛೆಯನ್ನು ಕೆಣಕುತ್ತದೆ. ಬಿಲ್ಲೆ ತಡೆದರೆ ತಡೆಯಿತು, ಇಲ್ಲವಾದರೆ ಔಷಧಿ ಕೈಯಲ್ಲೇ ಹಿಡಿದಿದ್ದರು. ದೀಪ ಮೆಲ್ಲಗೆ, ಆಮೇಲೆ ಜೋರಾಗಿ ಮಿಣುಕಿತು. ಪರದೆಯ ಮೇಲೆ ಅಲೆ ಏಳತೊಡಗಿತು. ನಾನು, ಮೇಡಂ ಇಬ್ಬರೂ ಪರದೆಗೆ ಕಣ್ಣು ನೆಟ್ಟಿದ್ದೆವು.

ಸಂಗವ್ವ ಪರದೆಯ ಕಡೆ ತಿರುಗಲೇ ಇಲ್ಲ. ಆಕೆ ಮಗಳ ಎಡಗೈ ನೋಡುತ್ತಿದ್ದಳು. ನಾನೂ ಅಲ್ಲಿಗೇ ನೋಡಿದೆ. ಹೊದಿಕೆಯ ಮೇಲಿದ್ದ ಹೆಬ್ಬೆರಳು ಒಂದಿಷ್ಟು ನಡುಗಿತು, ಮಾತಾಡುತ್ತಿದ್ದ ದಾನೇಶ್ವರಿ ಸುಮ್ಮನಾದಳು, ಬೆರಳು ಮೆಲ್ಲಗೆ ಅಂಗೈಯೊಳಗೆ ಮಡಚತೊಡಗಿತು. ಅರ್ಧ ಮಡಚಿತು. ಸಂಗವ್ವ ಎದ್ದು ನಿಂತಳು.

ಬೆರಳು ಅಲ್ಲಿಯೇ ನಿಂತಿತು. ಆಮೇಲೆ ಬಂದ ದಾರಿಯಲ್ಲೇ ಹಿಂದೆ ಸರಿದು, ಸಡಿಲವಾಗಿ ಹೊದಿಕೆಯ ಮೇಲೆ ಒರಗಿತು.

"ಯಾಕವ್ವಾ ನಿಂತಿ? ಪಲ್ಯ ಯಾರು ಮಾಡ್ಯಾರ ಅಂತ ಕೇಳಿದ್ನಲ್ಲಾ," ಎಂದಳು ದಾನೇಶ್ವರಿ.

ಸಂಗವ್ವ ಕುಳಿತುಕೊಂಡು, ಮಗಳ ಆ ಹೆಬ್ಬೆರಳನ್ನು ತನ್ನ ಮುಷ್ಟಿಯೊಳಗೆ ಹಿಡಿದು, ಇಂದು ಯಾರು ಪಲ್ಯ ಮಾಡಿದರೆಂದು ಹೇಳತೊಡಗಿದಳು.